ಪಿನ್ ಲೆಕ್ಕ ಒಂದೇ ಆದರೂ ರ್‍ಯಾಮ್ ಒಂದೇ ಅಲ್ಲ

"ಡಿಡಿಆರ್ 4, ಡಿಡಿಆರ್ 5 ಎರಡರಲ್ಲೂ 288 ಪಿನ್ ಇವೆ, ಹಾಗಾಗಿ ಹಳೇ ಮದರ್‌ಬೋರ್ಡ್‌ಗೆ ಹೊಸ ರ್‍ಯಾಮ್ ಹಾಕಬಹುದು" ಎಂಬ ಮೆಸೇಜ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಡಿಡಿಆರ್ 4, ಡಿಡಿಆರ್ 5 ಅಂದರೆ ಕಂಪ್ಯೂಟರ್ ರ್‍ಯಾಮ್‌ನ (ಮೆಮೊರಿಯ) ಹಳೆಯ ಮತ್ತು ಹೊಸ ತಲೆಮಾರುಗಳು.

ಡೆಸ್ಕ್‌ಟಾಪ್ ರ್‍ಯಾಮ್‌ನ ಪಿನ್ ಲೆಕ್ಕ ಸರಿಯಾಗಿಯೇ ಇದೆ. ಆದರೆ ಪಿನ್‌ಗಳ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ತಪ್ಪು ರ್‍ಯಾಮ್ ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಜೋರಾಗಿ ಒತ್ತಿದರೆ ಸ್ಲಾಟ್ ಮುರಿಯಬಹುದು. ಕರೆಂಟಿನ ವಿಷಯವೂ ಬೇರೆ: ಡಿಡಿಆರ್ 4 ನಡೆಯುವುದು 1.2 ವೋಲ್ಟ್‌ನಲ್ಲಿ, ಡಿಡಿಆರ್ 5 ನಡೆಯುವುದು 1.1ರಲ್ಲಿ. ಡಿಡಿಆರ್ 5ರಲ್ಲಿ ವೋಲ್ಟೇಜ್ ಹೊಂದಿಸುವ ಚಿಪ್ ರ್‍ಯಾಮ್ ಮೇಲೆಯೇ ಇರುತ್ತದೆ. ಡಿಡಿಆರ್ 4ಕ್ಕೆ ಆ ಕೆಲಸವನ್ನು ಮದರ್‌ಬೋರ್ಡ್ ಮಾಡುತ್ತದೆ.

ಗೊಂದಲ ಹುಟ್ಟಲು ಒಂದು ಕಾರಣವೂ ಇದೆ ಅನ್ನಿಸುತ್ತದೆ. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು ಎರಡೂ ಬಗೆಯನ್ನು ಒಪ್ಪುತ್ತವೆ. ಆದರೆ ಸ್ಲಾಟ್ ಇರುವುದು ಬೋರ್ಡ್‌ನಲ್ಲಿ ಅಲ್ವಾ? ಬೋರ್ಡ್ ಡಿಡಿಆರ್ 4ರದ್ದಾದರೆ ಡಿಡಿಆರ್ 4 ಮಾತ್ರ. ಎಎಂಡಿ ಪ್ರೊಸೆಸರ್‌ಗಳಿಗಾದರೆ, ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್‌ಗೆ ಡಿಡಿಆರ್ 4, ಎಎಂ5ಕ್ಕೆ ಡಿಡಿಆರ್ 5.

ಕೊಳ್ಳುವ ಮೊದಲು ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಬೋರ್ಡ್‌ನ ಮಾಡೆಲ್, ಈಗಿರುವ ರ್‍ಯಾಮ್‌ನ ಬಗೆ ಎರಡೂ ಸಿಗುತ್ತವೆ. ಆ ಮಾಡೆಲ್ ಹೆಸರನ್ನು ತಯಾರಕರ ವೆಬ್‌ಸೈಟ್‌ನಲ್ಲಿ ಹುಡುಕಿದರೆ, ಗರಿಷ್ಠ ಎಷ್ಟು ಜಿಬಿ ಹಾಕಬಹುದು, ಅವರು ಪರೀಕ್ಷಿಸಿದ ರ್‍ಯಾಮ್‌ಗಳು ಯಾವುವು ಎಂಬ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿಲ್ಲದ ರ್‍ಯಾಮ್ ಕೂಡ ಹಲವು ಸಲ ನಡೆಯುತ್ತದೆ, ಬಗೆ ಮಾತ್ರ ಸರಿಯಿರಬೇಕು.

ಲ್ಯಾಪ್‌ಟಾಪ್ ರ್‍ಯಾಮ್‌ನಲ್ಲಂತೂ ಪಿನ್ ಲೆಕ್ಕವೇ ಬೇರೆ: ಡಿಡಿಆರ್ 4ಕ್ಕೆ 260, ಡಿಡಿಆರ್ 5ಕ್ಕೆ 262. ಆ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಂದಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.