ಬಿದ್ದವನು ಕದ್ದರೆ: ಶಿಕ್ಷೆಯಲ್ಲಿ ರಿಯಾಯಿತಿ ಬೇಕೆ?

ಸಿನಿಮಾದಲ್ಲಿ ಡ್ಯೂಪ್ ಆಗಿ ದುಡಿದು, ಪೆಟ್ಟು ತಿಂದು ಮೂಲೆ ಸೇರಿದವನು ಮನೆಗಳ್ಳತನಕ್ಕಿಳಿದು ಸಿಕ್ಕಿಬಿದ್ದ. ಅವನಿಗೆ ಶಿಕ್ಷೆ ಕೊಡುವಾಗ ಕೋರ್ಟು ಆ ಪೆಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕೆ? ಹೌದು ಎನ್ನುವವರು ಮಡಿಕೇರಿಯಲ್ಲಿ ಬಹಳ ಕಾಲ ಬಾಡಿಗೆ ಜೀಪು ಓಡಿಸಿದವರು. ಬೇಡ ಎನ್ನುವವರು ಅಮ್ಮತ್ತಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ.

ಪರ: ಚೂಡಿದಾರ್ ಕೇಳಿದರು, ಕಾಲು ಕೇಳಲಿಲ್ಲ

ಮಾಂದಲಪಟ್ಟಿಗೆ ಪ್ರವಾಸಿಗರು ಮುಗಿಬೀಳುವುದಕ್ಕೆ ಮೊದಲು ನಮ್ಮ ಜೀಪುಗಳಿಗೆ ಒಳ್ಳೆಯ ಬಾಡಿಗೆ ಕೊಡುತ್ತಿದ್ದವರು ಶೂಟಿಂಗ್ ಪಾರ್ಟಿಯವರು. ಕ್ಯಾಮೆರಾ ಒಂದು ಜೀಪಿಗೆ, ಲೈಟು ಇನ್ನೊಂದಕ್ಕೆ, ಊಟದ ಪಾತ್ರೆ ಮತ್ತೊಂದಕ್ಕೆ. ನನ್ನ ಜೀಪಿಗೆ ಯಾವಾಗಲೂ ಫೈಟರ್‌ಗಳು. ಅವರ ಜೊತೆಗೆ ಹಗ್ಗ, ಹಳೇ ಹಾಸಿಗೆ, ಮಡಚಿ ಕಟ್ಟಿದ ರಟ್ಟಿನ ಪೆಟ್ಟಿಗೆಗಳ ಹೊರೆ. ಮೇಲಿಂದ ಬೀಳುವ ಜಾಗದಲ್ಲಿ ಆ ಪೆಟ್ಟಿಗೆಗಳನ್ನು ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಹಾಸಿಗೆ ಹಾಸುತ್ತಾರೆ. ಪೆಟ್ಟಿಗೆ ಖಾಲಿ ಇರಬೇಕು, ಗರಿಗರಿಯಾಗಿ ಒಣಗಿರಬೇಕು. ಆಗ ಅದು ನಿಧಾನವಾಗಿ ಕುಸಿಯುತ್ತದೆ, ಬಿದ್ದವನ ಮೈ ಉಳಿಯುತ್ತದೆ. ನಮ್ಮ ಮಂಜಿಗೆ ರಟ್ಟು ಒಂದು ಗಂಟೆ ತಡೆಯುವುದಿಲ್ಲ, ಒದ್ದೆ ಗೋಣಿಯ ಹಾಗೆ ಮುದ್ದೆಯಾಗುತ್ತದೆ. ಇದನ್ನು ಬೆಂಗಳೂರಿನವರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಜೀಪಿನವನ ಮಾತು ಯಾರು ಕೇಳುತ್ತಾರೆ?

ಅವತ್ತು ಹೀರೋಯಿನ್ ಬಂಡೆ ಮೇಲಿಂದ ಹಾರುವ ದೃಶ್ಯ. ಹಾರಬೇಕಾದವನು ಒಬ್ಬ ಹುಡುಗ. ಇಪ್ಪತ್ತೈದರ ಆಚೀಚೆ ವಯಸ್ಸು, ಹಳದಿ ಚೂಡಿದಾರ್, ಸೊಂಟದವರೆಗೆ ಬರುವ ವಿಗ್ಗು. ಬೆಳಿಗ್ಗೆಯಿಂದ ಆ ವೇಷದಲ್ಲೇ ನನ್ನ ಜೀಪಿನ ಬಾನೆಟ್ ಮೇಲೆ ಕೂತು ಬೀಡಿ ಸೇದುತ್ತಿದ್ದ. ಮೊದಲ ಟೇಕಿಗೆ ಮಂಜು ಅಡ್ಡ ಬಂತು. ಎರಡನೆಯದಕ್ಕೆ ವಿಗ್ಗು ಹಾರಿಹೋಯಿತು. ಮೂರನೆಯದಕ್ಕೆ ಪೆಟ್ಟಿಗೆ ಕುಸಿಯಲೇ ಇಲ್ಲ, ಹಾಸಿಗೆ ಪಕ್ಕಕ್ಕೆ ಜಾರಿತು. ಮಂಡಿ ಒಂದು ಕಡೆ, ಪಾದ ಇನ್ನೊಂದು ಕಡೆ.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು. ಚೀಟಿ ಬರೆಯುವವರು ಬಟ್ಟೆ ನೋಡಿ ಹೆಣ್ಣು ಎಂದು ಬರೆದರು, ದನಿ ಕೇಳಿ ಹೊಡೆದು ಹಾಕಿದರು. ನರ್ಸಮ್ಮ ಕತ್ತರಿ ತಂದರೆ ಇವನು ಆ ನೋವಿನಲ್ಲೂ ಕೈ ಅಡ್ಡ ಹಿಡಿದ. "ಅಕ್ಕಾ, ಕತ್ತರಿಸಬೇಡಿ. ಕಾಸ್ಟ್ಯೂಮ್‌ನವರು ಬೈತಾರೆ." ಅವರು ಕಾಲಿನಿಂದ ತೊಡೆಯವರೆಗೆ ಸರಸರ ಕತ್ತರಿಸಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಮ್ಯಾನೇಜರ್ ಫೋನು. "ಆ ಚೂಡಿದಾರ್ ಎಲ್ಲಿದೆ? ಕಂಟಿನ್ಯುಟಿ ಇದೆ, ಉಳಿದ ಶಾಟಿಗೂ ಅದೇ ಬಟ್ಟೆ, ಇವತ್ತೇ ಬೇಕು." ಹುಡುಗನ ಕಾಲಿಗೆ ಆಪರೇಷನ್ ಆಗಬೇಕಂತೆ ಎಂದೆ. "ಆಯ್ತಾಯ್ತು, ಬಟ್ಟೆ ಕಳಿಸಿಬಿಡಿ." ಸಂಜೆ ಒಂದು ಕವರ್ ಬಂತು. ಐದು ಸಾವಿರ ಇತ್ತು. ಯಾವ ಕಾಗದವೂ ಇರಲಿಲ್ಲ, ಯಾವ ಸಹಿಯೂ ಇರಲಿಲ್ಲ. ಇಡೀ ಪಾರ್ಟಿ ಪ್ಯಾಕಪ್ ಮಾಡಿ ಇಳಿದುಹೋಯಿತು.

ಸಹಿ ಇಲ್ಲದಿರುವುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ತಂಗಿ ಮಗಳು ವಕೀಲೆಯಾದ ಮೇಲೆ ಹೇಳಿದಳು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾಯ್ದೆ ಬ್ರಿಟಿಷರ ಕಾಲದ್ದು, 1923ರದ್ದು. ಸಿನಿಮಾ ಕಾರ್ಮಿಕರನ್ನು ಕೆಲಸಕ್ಕೆ ಹಚ್ಚುವ ಮೊದಲು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂದು 1981ರಲ್ಲಿ ಬೇರೆ ಕಾನೂನೇ ಬಂತು. ಪರಿಹಾರ ಕೇಳಲು ಆಗ ಎರಡು ವರ್ಷದ ಗಡುವು. ಆ ಎರಡು ವರ್ಷ ನಮ್ಮ ಹುಡುಗ ಏನು ಮಾಡುತ್ತಿದ್ದ ಗೊತ್ತೇ? "ಅಣ್ಣಾ, ಕಾಲು ಸರಿಹೋಗಿದೆ, ಆ ಕಡೆ ಯಾವುದಾದರೂ ಶೂಟಿಂಗ್ ಬಂದಿದೆಯಾ" ಎಂದು ನನಗೆ ಫೋನು ಮಾಡುತ್ತಿದ್ದ. ಕಂಪನಿ ಮೇಲೆ ಅರ್ಜಿ ಹಾಕಿದವನನ್ನು ಇನ್ನೊಬ್ಬ ಫೈಟ್ ಮಾಸ್ಟರ್ ಕರೆಯುತ್ತಾನೆಯೇ?

ಸತ್ತರೆ ಸುದ್ದಿಯಾದರೂ ಆಗುತ್ತದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿ ಇಬ್ಬರು ಹುಡುಗರು ಮುಳುಗಿದರು. ಲೈಫ್ ಜಾಕೆಟ್ ಇರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಫೈಟ್ ತೆಗೆಯುವಾಗ ಕ್ರೇನು ಹೈಟೆನ್ಷನ್ ತಂತಿಗೆ ತಗುಲಿ ಒಬ್ಬ ಹೋದ. ಟಿವಿಯವರು ನಾಲ್ಕು ದಿನ ಕೂಗಾಡಿದರು. ಕಾಲು ಮುರಿದುಕೊಂಡವನ ಬಗ್ಗೆ ನಾಲ್ಕು ನಿಮಿಷವೂ ಕೂಗುವುದಿಲ್ಲ. ಅವನು ಬದುಕಿದ್ದಾನಲ್ಲ! ಬದುಕಿರುವುದೇ ಅವನ ತಪ್ಪು.

ಇನ್ನು ಕಳ್ಳತನಕ್ಕೆ ಬರೋಣ. ಫೈಟರ್‌ಗೆ ಗೊತ್ತಿರುವುದು ಮೂರೇ ಕೆಲಸ: ಹತ್ತುವುದು, ಹಾರುವುದು, ಪೆಟ್ಟಾಗದಂತೆ ಬೀಳುವುದು. ಮಂಡಿ ಹೋದ ಮೇಲೆ ದಿನಕ್ಕೆ ಹತ್ತು ಸಲ ಹಾರಲು ಆಗುವುದಿಲ್ಲ, ಮಾಸ್ಟರ್ ಒಪ್ಪುವುದಿಲ್ಲ. ಆದರೆ ತಿಂಗಳಿಗೊಂದು ಸಲ, ನಿಧಾನವಾಗಿ, ಯಾರೂ "ಆಕ್ಷನ್" ಎನ್ನದೆ, ಒಂದು ಕಾಂಪೌಂಡ್ ಹತ್ತಲು ಆ ಕಾಲು ಸಾಕು. ಸಿನಿಮಾಕ್ಕೆ ಸಾಲದ ಮೈ ಕಳ್ಳತನಕ್ಕೆ ಸಾಲುತ್ತದೆ. ಇದನ್ನು ಸರಿ ಎನ್ನುತ್ತಿಲ್ಲ. ಯಾಕಾಗುತ್ತದೆ ಎನ್ನುತ್ತಿದ್ದೇನೆ.

ರಾತ್ರಿ ಮನೆಗೆ ಕನ್ನ ಹಾಕಿ ಕದ್ದರೆ ಹೊಸ ನ್ಯಾಯ ಸಂಹಿತೆಯಲ್ಲೂ 14 ವರ್ಷದವರೆಗೆ ಶಿಕ್ಷೆ ಇದೆ. ಹದಿನಾಲ್ಕು! ಲಿಖಿತ ಒಪ್ಪಂದ ಇಲ್ಲದೆ ಹುಡುಗನನ್ನು ಒದ್ದೆ ರಟ್ಟಿನ ಮೇಲೆ ಕೆಡವಿದವನಿಗೆ ಎಷ್ಟು? ಒಂದು ದಿನವೂ ಆದದ್ದನ್ನು ನಾನು ನೋಡಲಿಲ್ಲ. 1958ರ ಪ್ರೊಬೇಷನ್ ಕಾಯ್ದೆ ಇದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ಜಡ್ಜು ಆರೋಪಿಯ ನಡತೆ, ಹಿನ್ನೆಲೆ ನೋಡಿ, ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಕಳವಾದವರಿಗೆ ಪರಿಹಾರ ಕೊಡು ಎಂದೂ ಹೇಳಬಹುದು. ನಾನು ಕೇಳುತ್ತಿರುವುದು ಹೊಸ ಕಾನೂನಲ್ಲ, ಇರುವುದನ್ನೇ ತೆಗೆದು ಓದಿ ಎಂದು.

ಕಳವಾದ ಮನೆಯವರ ನೋವು ನಿನಗೇನು ಗೊತ್ತು ಎನ್ನುತ್ತೀರಿ. ಅದನ್ನು ಪಕ್ಕದ ಲೇಖನದಲ್ಲಿ ಟೀಚರಮ್ಮ ಬರೆಯುತ್ತಾರಂತೆ, ಬರೆಯಲಿ. ಚಿನ್ನ ಇನ್ನೊಂದು ಸಲ ಮಾಡಿಸಬಹುದು. ಮಂಡಿ ಮಾಡಿಸಲಾಗದು.

ನಮ್ಮ ಹುಡುಗ ಕಳ್ಳನಾದನೋ ಇಲ್ಲವೋ ನನಗೆ ಗೊತ್ತಿಲ್ಲ. ಮೂರನೇ ವರ್ಷ ಫೋನು ನಿಂತಿತು. ಈಗಲೂ ಪೇಪರಿನಲ್ಲಿ, ಮೇಜಿನ ಮೇಲೆ ಚಿನ್ನ ಹರಡಿ, ಹಿಂದೆ ಮುಖಕ್ಕೆ ಬಟ್ಟೆ ಸುತ್ತಿದವರನ್ನು ನಿಲ್ಲಿಸಿದ ಫೋಟೋ ಬಂದರೆ ನಾನು ಮೊದಲು ನೋಡುವುದು ಅವರು ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾರೆ ಎಂದು. ಮೇಜು ಅಡ್ಡ ಇರುತ್ತದೆ, ಕಾಣುವುದಿಲ್ಲ.

ವಿರೋಧ: ಬಿದ್ದವರೆಲ್ಲ ಕದಿಯುವುದಿಲ್ಲ

"ನಿಮ್ಮ ಮನೆಯಲ್ಲಿ ಕಳವಾಗಿತ್ತಲ್ಲ ಟೀಚರ್, ವಿರೋಧ ನೀವೇ ಬರೆಯಿರಿ" ಎಂದು ಸಂಪಾದಕರು ಫೋನು ಮಾಡಿದರು. ಅದೇ ಅರ್ಹತೆಯಾದರೆ ನಮ್ಮ ರಸ್ತೆಯಲ್ಲಿ ಇನ್ನೂ ನಾಲ್ಕು ಮಂದಿ ಲೇಖಕರು ಸಿಗುತ್ತಾರೆ. ಇರಲಿ, ಒಪ್ಪಿಕೊಂಡಾಗಿದೆ.

ಜೀಪಿನವರ ಲೇಖನವನ್ನು ನನಗೆ ಮೊದಲೇ ಕಳಿಸಿಕೊಟ್ಟಿದ್ದರು. ಚೂಡಿದಾರ್ ಕತೆ ಓದಿ ನನಗೂ ಕಣ್ಣು ತುಂಬಿತು. ಆದರೆ ಅವರ ಕತೆಯ ಹುಡುಗ ಕದ್ದನೋ ಇಲ್ಲವೋ ಅವರಿಗೇ ಗೊತ್ತಿಲ್ಲ, ಅವರೇ ಹಾಗೆಂದಿದ್ದಾರೆ. ಕದ್ದನೆಂದೇ ಗೊತ್ತಿಲ್ಲದವನ ಕಾಲು ತೋರಿಸಿ ಕದ್ದವನಿಗೆ ರಿಯಾಯಿತಿ ಕೇಳುವುದು ಯಾವ ಲೆಕ್ಕ? ಅವರ ಪ್ರಕಾರ ಮುರಿದ ಮಂಡಿಗೆ ಕಾಂಪೌಂಡ್ ಹತ್ತಲು ಬರುತ್ತದೆ, ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರಲು ಬರುವುದಿಲ್ಲ. ಇಂಥ ಕಾಲುಗಳನ್ನು ನನ್ನ ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಪಿ.ಟಿ. ಪೀರಿಯಡ್ಡಿನಲ್ಲಿ ಕಂಡಿದ್ದೇನೆ. ಡ್ರಿಲ್ಲಿಗೆ ನೋಯುತ್ತವೆ, ಲಾಂಗ್ ಬೆಲ್ಲಿಗೆ ಓಡುತ್ತವೆ.

ಮೇಲಿಂದ ಬೀಳುವುದು ಸಿನಿಮಾದವರ ಗುತ್ತಿಗೆಯಲ್ಲ. ಫೆಬ್ರವರಿ ಕಳೆದ ಮೇಲೆ ಯಾವ ತೋಟಕ್ಕಾದರೂ ಹೋಗಿ ನೋಡಿ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯಲು ಮೂವತ್ತು ನಲವತ್ತು ಅಡಿ ಎತ್ತರಕ್ಕೆ ಏಣಿ ಇಟ್ಟು ಹತ್ತಿರುತ್ತಾರೆ. ಸೊಂಟಕ್ಕೆ ಚೀಲ, ಒಂದು ಕೈ ಬಳ್ಳಿಗೆ, ಒಂದು ಕೈ ಜೀವಕ್ಕೆ. ಕೆಳಗೆ ರಟ್ಟೂ ಇಲ್ಲ, ಹಾಸಿಗೆಯೂ ಇಲ್ಲ, ಕಾಫಿ ಗಿಡದ ಮೊಂಡು ಕೊಂಬೆಗಳು. ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಗುಲಿ ಹೋದವರೂ ಇದ್ದಾರೆ. ಬಿಡದಿಯ ಕ್ರೇನಿನ ಕತೆಯೂ ಇದೇ ತಾನೆ? ಬಿದ್ದು ಸೊಂಟ ಹೋದವರು ಲೈನ್‌ಮನೆಯ ಜಗಲಿಯಲ್ಲಿ ಕೂತು ಮೆಣಸು ಬಿಡಿಸುತ್ತಾರೆ, ಕಣದಲ್ಲಿ ಕಾಫಿ ಕಾಯುತ್ತಾರೆ. ನಮ್ಮ ಮನೆಗೆ ಹೆಂಚು ತೆಗೆದು ಇಳಿದವರು ಅವರಲ್ಲ. ಅವರಿಗೆಲ್ಲ ಸರಿಯಾದ ಪರಿಹಾರ ಸಿಕ್ಕಿತೇ ಎಂದು ಮಾತ್ರ ಕೇಳಬೇಡಿ. ತೋಟ ಇಟ್ಟುಕೊಂಡಿರುವ ನಮಗೆ ಆ ಪ್ರಶ್ನೆ ಅಷ್ಟು ಹಿತವಲ್ಲ, ಇಲ್ಲಿ ಅದು ವಿಷಯವೂ ಅಲ್ಲ.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಮಾತಿದೆ. ಇಲ್ಲಿ ಮನೆಮನೆಯಲ್ಲಿ ಕೋವಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ಕತ್ತಲೆಯಲ್ಲಿ ಅಟ್ಟದಲ್ಲಿ ಸದ್ದಾದರೆ ಇಳಿದವನ ಮಂಡಿಗೆ ಆಪರೇಷನ್ ಆಗಿತ್ತೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಗುಂಡು ಹಾರಿದರೆ ಅವನು ಮಣ್ಣಿಗೆ, ಮನೆಯ ಯಜಮಾನ ಜೈಲಿಗೆ. ಸಿಕ್ಕಿದರೂ ಮುಚ್ಚಳಿಕೆ ಬರೆದುಕೊಟ್ಟು ಬರಬಹುದು ಎಂಬ ಧೈರ್ಯ ಇಂಥವರಿಗೆ ಬಾರದಿರುವುದು ಅವರ ಜೀವಕ್ಕೇ ಒಳ್ಳೆಯದು.

ಕಾನೂನಿನ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಗಾಯಕ್ಕೆ ಪರಿಹಾರ ಕೊಡಬೇಕಾದವರು ಕೊಡಲಿಲ್ಲ ಎನ್ನುವುದು ನಿಜವಿರಬಹುದು. ಅವರ ಮನೆಗೆ ಹೋಗಿ ಕೇಳಲಿ. ನಾವು ಯಾವ ಸಿನಿಮಾ ತೆಗೆದಿದ್ದೆವು?

ಈಗ ನಮ್ಮ ಮನೆಯದು. ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣಕ್ಕೆ, ನಾವೆಲ್ಲ ತೀರ್ಥೋದ್ಭವ ನೋಡಲು ತಲಕಾವೇರಿಗೆ ಹೋಗಿದ್ದೆವು. ಆ ರಾತ್ರಿ ಅರ್ಧ ಕೊಡಗೇ ಬೆಟ್ಟದ ಮೇಲಿರುತ್ತದೆ ಎಂದು ನಮ್ಮಷ್ಟೇ ಕಳ್ಳರಿಗೂ ಗೊತ್ತು. ಬಿಂದಿಗೆಯಲ್ಲಿ ತೀರ್ಥ ಹಿಡಿದು ಬೆಳಿಗ್ಗೆ ಬಂದರೆ ಬಾಗಿಲಿಗೆ ಹಾಕಿದ ಬೀಗ ಹಾಗೇ ಇದೆ, ಕೋಣೆಯೊಳಗೆ ಆಕಾಶ ಕಾಣುತ್ತಿದೆ. ಬೀರುವಿನ ಬಾಗಿಲು ತೆರೆದಿತ್ತು. ಅತ್ತೆಯ ಪತ್ತಾಕ್ ಸರ, ನಮ್ಮ ಯಜಮಾನರು ಮದುವೆಯ ದಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪೀಚೆಕತ್ತಿ, ಸ್ವಲ್ಪ ನಗದು ಹೋಗಿತ್ತು. ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ಚಿನ್ನ ಮತ್ತೆ ಮಾಡಿಸಬಹುದು ಎಂದು ಜೀಪಿನವರು ಸುಲಭವಾಗಿ ಬರೆದುಬಿಟ್ಟರು. ಆ ಕತ್ತಿಯ ಒರೆಯ ಮೇಲೆ, ಹೆಬ್ಬೆರಳು ತಾಗುವ ಕಡೆ, ಬೆಳ್ಳಿ ಸವೆದು ಒಂದು ಗುಳಿ ಬಿದ್ದಿತ್ತು. ನಮ್ಮ ಮಾವನ ಹೆಬ್ಬೆರಳು, ಅವರ ಅಪ್ಪನ ಹೆಬ್ಬೆರಳು. ಅದನ್ನು ಯಾವ ಪತ್ತಾರ ಮಾಡಿಕೊಡುತ್ತಾನೆ?

ಅತ್ತೆ ಆಮೇಲೆ ಆ ಕೋಣೆಯಲ್ಲಿ ಮಲಗಲಿಲ್ಲ. ತೊಂಬತ್ತರ ಹತ್ತಿರದ ಜೀವ, ಹಜಾರದಲ್ಲಿ ದೀಪ ಆರಿಸದೆ ಮಲಗುತ್ತಿದ್ದರು. ರಾತ್ರಿ ಮರದಿಂದ ಹಲಸಿನಕಾಯಿ ಉದುರಿದರೂ ಎದ್ದು ಕೂತು ಮೇಲೆ ನೋಡುತ್ತಿದ್ದರು. ಶಿಕ್ಷೆ ಅಳೆಯುವಾಗ ಇದನ್ನೂ ಅಳೆಯಿರಿ. ನನ್ನ ವಾದ ಇಷ್ಟೇ, ಇನ್ನು ಉಳಿದದ್ದು ವಾದವಲ್ಲ.

ನಮ್ಮ ಕಳ್ಳ ಇವತ್ತಿಗೂ ಸಿಕ್ಕಿಲ್ಲ. ಯಾರೋ, ಎಂಥವನೋ ತಿಳಿಯದು. ಆದರೆ ಪೊಲೀಸರು ನನ್ನನ್ನು ಕರೆದು ಮಂಚ ತೋರಿಸಿದರು. ಅಟ್ಟದ ತೊಲೆಯಿಂದ ನೇರ ಹಾಸಿಗೆಯ ಮೇಲಕ್ಕೆ ಹಾರಿದ್ದಾನೆ. ಬಿಳಿ ಹಾಸಿನ ಮೇಲೆ ಎರಡೂ ಪಾದದ ಕೆಮ್ಮಣ್ಣಿನ ಗುರುತು, ಅಕ್ಕಪಕ್ಕ, ಒಂದು ಗೆರೆಯಷ್ಟೂ ಹಿಂದೆ ಮುಂದೆ ಇಲ್ಲ. ತೊಲೆಯಿಂದ ಮಂಚಕ್ಕೆ ಏನಿಲ್ಲವೆಂದರೂ ಹತ್ತಡಿ. ಹಳೇ ಮಂಚ, ಒಂದು ಪಟ್ಟಿಯೂ ಮುರಿದಿರಲಿಲ್ಲ. ನಮ್ಮ ಮೇಸ್ತ್ರಿ ಮಾಡು ಹತ್ತಿ ನೋಡಿ ಅಲ್ಲಿಂದಲೇ ಕೂಗಿದ. "ಅಮ್ಮಾ, ಹದಿನಾಲ್ಕು ಹೆಂಚು ತೆಗ್ದಿದ್ದಾನೆ. ಒಂದೂ ಒಡೆದಿಲ್ಲ. ಸಾಲಾಗಿ ಜೋಡಿಸಿ ಇಟ್ಟಿದ್ದಾನೆ."

ಇದೇ ಮೇಸ್ತ್ರಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಹತ್ತಿದರೆ ಆರೇಳು ಒಡೆಯದೆ ಇಳಿದವನಲ್ಲ. ಮುಂದಿನ ಮೇ ತಿಂಗಳಲ್ಲಿ ಕೂಲಿ ಕೊಡುವಾಗ ಅದನ್ನು ಅವನಿಗೆ ಹೇಳಿಯೂ ಬಿಟ್ಟೆ.