ಇಲ್ಲಿ ಉಗುಳಬೇಡಿ, ಅಲ್ಲಿ ಉಗುಳಿ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸೊಸೈಟಿಯ ಲಿಫ್ಟಿನಲ್ಲಿ ‘ಇಥೆ ಥುಂಕೂ ನಕಾ’ ಅಂತ ಬೋರ್ಡ್ ಇದೆ. ಆ ಬೋರ್ಡಿನ ಮೇಲೇ ಯಾರೋ ಪಾನ್ ಉಗುಳಿದ್ದಾರೆ. ಮೆಟ್ಟಿಲಿನ ಮೂಲೆಗಳಲ್ಲಿ ಗಣಪತಿ, ಸಾಯಿಬಾಬಾ, ಶಿಲುಬೆ ಇರುವ ಟೈಲ್ಸ್ ಕೂರಿಸಿದ್ದೂ ಆಯಿತು, ದೇವರುಗಳು ಸುಮ್ನೆ ಕೆಂಪಾಗಿದ್ದಷ್ಟೇ ಬಂತು. ಇಂಥ ಸೊಸೈಟಿಯಲ್ಲಿ ಹೋದ ತಿಂಗಳು ಒಂದು ಭಾನುವಾರ ನಾವೆಲ್ಲ ಸಾಲಾಗಿ ನಿಂತು, ದುಡ್ಡು ಕೊಟ್ಟು, ಉಗುಳಿ ಬಂದೆವು.

ಉಗುಳಿನಿಂದ ಜೀನ್ ಪರೀಕ್ಷೆ ಮಾಡುವ ಡಿಎನ್‌ಎ ಕ್ಯಾಂಪ್ ಅದು. 999 ರೂಪಾಯಿ, ಜೊತೆಗೆ ಒಂದು ಸ್ಟೀಲ್ ಡಬ್ಬಿ ಫ್ರೀ. ಡಬ್ಬಿ ನೋಡಿಯೇ ನಾನು ಹೋಗಿದ್ದು, ಸುಳ್ಳು ಯಾಕೆ ಹೇಳಲಿ. ಅರ್ಧ ಗಂಟೆ ಮೊದಲು ಏನೂ ತಿನ್ನಬಾರದು ಅಂದಿದ್ದರು. ಪಕ್ಕದ ಉಡುಪಿ ಹೋಟೆಲಿನಿಂದ ಸಾಂಬಾರಿನ ಘಮ ಬರುತ್ತಿತ್ತು, ಹಾಗಾಗಿ ಎಲ್ಲರ ಟ್ಯೂಬೂ ಎರಡೇ ನಿಮಿಷದಲ್ಲಿ ತುಂಬಿತು. ಒಪ್ಪಿಗೆ ಪತ್ರ ಮೊಬೈಲಿನಲ್ಲಿ ಬಂತು, ಇಂಗ್ಲಿಷಿನಲ್ಲಿ, ಹೆಬ್ಬೆರಳು ನೋಯುವಷ್ಟು ಉದ್ದ. ಓದಿದವರು ಯಾರೂ ಇಲ್ಲ. ಟ್ಯೂಬಿಗೆ ಸ್ಟಿಕರ್ ಅಂಟಿಸುತ್ತಿದ್ದ ಹುಡುಗನ ಲ್ಯಾಪ್‌ಟಾಪಿನ ಅಂಚಿನಲ್ಲಿ ಒಂದು ಹಳದಿ ಚೀಟಿ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ: ಅಡ್ಮಿನ್ 123.

ಮೂರು ವಾರಕ್ಕೆ ರಿಪೋರ್ಟ್ ಬಂತು. ‘ತುಂಬಾ ಗೌಪ್ಯ, ಪಾಸ್‌ವರ್ಡ್ ಹಾಕಿದರೆ ಮಾತ್ರ ತೆರೆಯುತ್ತದೆ’ ಅಂತ ಮೆಸೇಜು. ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ದಿನ, ತಿಂಗಳು. ನಮ್ಮ ಸೊಸೈಟಿಯಲ್ಲಿ ಎಲ್ಲರ ಹುಟ್ಟಿದ ದಿನದ ಪಟ್ಟಿ ಲೆಟರ್‌ಬಾಕ್ಸಿನ ಪಕ್ಕದಲ್ಲೇ ತೂಗುತ್ತದೆ, ಕೇಕ್ ತರೋದಕ್ಕೆ ಅನುಕೂಲ ಅಂತ. ರಿಪೋರ್ಟುಗಳನ್ನು ಸೆಕ್ರೆಟರಿಯವರೇ ಖುದ್ದಾಗಿ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಎರಡನೇ ಮಹಡಿಯವರಿಗೆ ಹಾಲು ಜೀರ್ಣವಾಗಲ್ಲ ಅನ್ನೋದು ಈಗ ಹಾಲಿನವನಿಗೂ ಗೊತ್ತು.

ಇದೆಲ್ಲ ನಮ್ಮ ಗಲ್ಲಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಹೀಗೇ ಉಗುಳು ತರಿಸಿಕೊಂಡು ಡಿಎನ್‌ಎ ನೋಡುವ ಅಮೆರಿಕದ 23ಆಂಡ್‌ಮಿ ಕಂಪನಿಗೆ 2023ರಲ್ಲಿ ಆಗಿದ್ದೂ ಹೀಗೇ. ಬೇರೆ ಕಡೆ ಸೋರಿದ ಹಳೇ ಪಾಸ್‌ವರ್ಡುಗಳನ್ನು ಕಳ್ಳರು ಒಂದೊಂದಾಗಿ ಹಾಕಿ ನೋಡಿದರು, ಸುಮಾರು 14,000 ಖಾತೆ ತೆರೆದವು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಲ್ಲಿ ‘ನಿಮ್ಮ ನೆಂಟರನ್ನು ಹುಡುಕಿ’ ಅನ್ನೋ ಸೌಲಭ್ಯ ಇತ್ತು, ಅದರ ಬಾಲ ಹಿಡಿದು ಹೋಗಿ 69 ಲಕ್ಷ ಜನರ ವಿವರ ಎತ್ತಿಕೊಂಡರು. ಇಂಥ ಜನಾಂಗದವರು ಇವರಿವರು ಅಂತ ಪಟ್ಟಿ ಮಾಡಿ ಮಾರಾಟಕ್ಕೂ ಇಟ್ಟರು. ಕಂಪನಿ ಏನಂದಿತು ಗೊತ್ತಾ? ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಟ್ಟಿದ್ದು ನೀವು, ತಪ್ಪು ನಿಮ್ಮದೇ ಅಂತ! 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಂಗಡಿ ಮುಚ್ಚುವಾಗ ಕುರ್ಚಿ, ಮೇಜು, ಫ್ಯಾನ್ ಮಾರುವುದು ನೋಡಿದ್ದೇವೆ. ಇಲ್ಲಿ ಮಾರಾಟಕ್ಕಿದ್ದ ಆಸ್ತಿಯಲ್ಲಿ ಜನರ ಉಗುಳಿನಿಂದ ತೆಗೆದ ಮಾಹಿತಿಯೂ ಸೇರಿತ್ತು.

ಡಿಎನ್‌ಎಯೇ ಕಂಪ್ಯೂಟರಿಗೆ ಕೈ ಕೊಡುವುದೂ ಉಂಟು. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕಂಪ್ಯೂಟರ್ ವೈರಸ್ ಥರದ ಕೋಡನ್ನು ಡಿಎನ್‌ಎಯ ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳಲ್ಲಿ ಬರೆದು, ಅದೇ ಕ್ರಮದಲ್ಲಿ ನಿಜವಾದ ಡಿಎನ್‌ಎ ಮಾಡಿಸಿದರು. ಯಂತ್ರ ಅದನ್ನು ಓದಿತು, ಓದಿದ್ದನ್ನು ಸಂಸ್ಕರಿಸುವ ಕಂಪ್ಯೂಟರ್ ಅವರ ಕೈಗೆ ಬಂತು. ಆ ಸಾಫ್ಟ್‌ವೇರಿನಲ್ಲಿ ತೂತು ಇಟ್ಟಿದ್ದು ಅವರೇ, ಪ್ರಯೋಗಕ್ಕೆ ಅಂತ, ಈ ಮಾತು ಹೇಳದೇ ಇರೋದು ಸರಿಯಲ್ಲ. ಆದರೆ ಡಿಎನ್‌ಎ ಓದುವ ಸಾಮಾನ್ಯ ಪ್ರೋಗ್ರಾಮುಗಳನ್ನು ತಡಕಿದಾಗ, ಅವುಗಳಲ್ಲೂ ಭದ್ರತೆ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ ಅನ್ನೋದು ಅವರಿಗೆ ಕಂಡಿತು. ನಮ್ಮ ಕ್ಯಾಂಪಿನ ಹುಡುಗನಿಗೆ ಈ ವಿಷಯ ಹೇಳಿದೆ. ಅವನು ‘ಸಾರ್, ನಮ್ಮಲ್ಲಿ ಆಂಟಿವೈರಸ್ ಇದೆ’ ಅಂದ. ಇನ್ನೊಮ್ಮೆ ನೋಡಿದೆ, ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇತ್ತು.

ನಮ್ಮ ಸೆಕ್ರೆಟರಿ ಮಾತ್ರ ಉತ್ಸಾಹದಲ್ಲಿದ್ದಾರೆ. ಅಮೆರಿಕದ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ನಾಯಿ ಕಕ್ಕದ ಡಿಎನ್‌ಎ ನೋಡಿ ಮಾಲೀಕನಿಗೆ ದಂಡ ಹಾಕುತ್ತಾರೆ ಅಂತ ಎಲ್ಲೋ ಓದಿದ್ದಾರೆ. ಇದು ನಿಜವೇ. ಈಗ ಅವರ ಪ್ಲಾನು, ಕ್ಯಾಂಪಿನ ಮಾಹಿತಿ ಸೊಸೈಟಿಯಲ್ಲೇ ಇಟ್ಟುಕೊಂಡು, ಲಿಫ್ಟಿನಲ್ಲಿ ಉಗುಳಿದವನನ್ನು ಹಿಡಿಯೋದು. ಎಲ್ಲಿ ಇಡ್ತೀರಿ ಅಂತ ಕೇಳಿದೆ. ‘ಪೆನ್‌ಡ್ರೈವ್, ಭಟ್ರೇ. ಆಫೀಸಿನ ಕಪಾಟಿನಲ್ಲಿ. ಬೀಗ ಇದೆ’ ಅಂದರು. ಬೀಗದ ಕೈ ಗಣೇಶೋತ್ಸವದ ಡಬ್ಬಿಯಲ್ಲಿರುತ್ತದೆ, ಅದು ಮಕ್ಕಳಿಗೂ ಗೊತ್ತು. ಉಗುಳಿದವನು ಕ್ಯಾಂಪಿಗೆ ಬರದೇ ಇದ್ದರೆ? ಅದಕ್ಕೂ ಅವರ ಹತ್ತಿರ ಉತ್ತರ ಇತ್ತು: ‘ಅವನ ಮಾವನೋ ಚಿಕ್ಕಪ್ಪನೋ ಬಂದಿರ್ತಾನಲ್ಲ!’

ನಗಬೇಡಿ. 2018ರಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳಿಂದ ಸಿಗದ ಕೊಲೆಗಾರನನ್ನು ಹಿಡಿದಿದ್ದು ಹೀಗೇ, ದೂರದ ನೆಂಟರು ವೆಬ್‌ಸೈಟಿಗೆ ಹಾಕಿದ ಡಿಎನ್‌ಎ ಮೂಲಕ. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ. ನಮ್ಮಲ್ಲಿ ಪಾನ್ ತಿನ್ನುವವನು, ಅಷ್ಟೇ ವ್ಯತ್ಯಾಸ.

ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಕಾರ್ಡ್ ಕಳೆದರೆ ಬ್ಲಾಕ್ ಮಾಡಬಹುದು. ಜೀನ್ ಕಳುವಾದರೆ ಯಾವ ಕಸ್ಟಮರ್ ಕೇರ್? ಹಾಗೆ ನೋಡಿದರೆ ಅದು ಪೂರ್ತಿ ನನ್ನದೂ ಅಲ್ಲ. ಇದು ಹೊಳೆದಿದ್ದು ಮೊನ್ನೆ, ನನ್ನ ತಮ್ಮ ಬಂದಾಗ.

ಮತ್ಸ್ಯಗಂಧ ರೈಲಿನಲ್ಲಿ ಬಂದು ಠಾಣೆ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಲೋಕಲ್ ಹಿಡಿದು, ಹಲಸಿನ ಹಪ್ಪಳದ ಕಟ್ಟು ಬಗಲಲ್ಲಿ ಇಟ್ಟುಕೊಂಡು ಬೆಳ್ಳಂಬೆಳಿಗ್ಗೆ ಗೇಟಿಗೆ ಬಂದ. ವಾಚ್‌ಮನ್ ಬಿಡಲಿಲ್ಲ. ಫೋಟೋ ತೆಗೆದ, ಆಧಾರ್ ಕೇಳಿದ, ನನಗೆ ಓಟಿಪಿ ಕಳಿಸಿದ. ನಾನು ಮಲಗಿದ್ದೆ. ಮುಕ್ಕಾಲು ಗಂಟೆ ಅವನು ಗೇಟಿನ ಹೊರಗೆ, ಸೊಸೈಟಿಯ ನಾಯಿಗಳ ಜೊತೆ. ಮೇಲೆ ಬಂದವನಿಗೆ ಕಾಫಿ ಕೊಟ್ಟು, ತಮಾಷೆಗೆ ಅಂತ ಡಿಎನ್‌ಎ ರಿಪೋರ್ಟ್ ತೋರಿಸಿದೆ. ಅಣ್ಣತಮ್ಮಂದಿರಲ್ಲಿ ಸುಮಾರು ಅರ್ಧ ಡಿಎನ್‌ಎ ಒಂದೇ ಇರುತ್ತದಂತೆ ಅಂತಲೂ ಹೇಳಿಬಿಟ್ಟೆ. ಅವನು ಲೋಟ ಕೆಳಗಿಟ್ಟ.

‘ಅಲ್ಲ ಅಣ್ಣ, ಹಾಗಾದ್ರೆ ನನ್ನ ಅರ್ಧ ಕೊಟ್ಟ ದಿನ, ನಂಗ್ ಎಂತಕ್ಕೆ ಓಟಿಪಿ ಬರ್ಲಿಲ್ಲ?’