ಬೇಸ್ ಬೇಡ ಮಾರ್ರೆ, ಸ್ವರ ಕೇಳಿದ್ರೆ ಸಾಕು

ಮಂಡೆ ಬಿಸಿ ಆಗಿದೆ. ಬಸ್ಸಲ್ಲಿ ಕೂತು ಬರೀತಾ ಇದ್ದೇನೆ, ಉದ್ದ ಆಗ್ತದೆ, ಪುರ್ಸೊತ್ತು ಇದ್ದವರು ಓದಿ.

ಸಂಜೆ ಆಫೀಸು ಬಿಟ್ಟು ಮಂಗಳೂರಿನ ಹಂಪನಕಟ್ಟೆಯ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ, ಫೋನಿನ ಗ್ಲಾಸ್ ಹಾಕಿಸ್ಲಿಕ್ಕೆ. ಕಾಯ್ತಾ ಇರುವಾಗ ಒಬ್ರು ಅಮ್ಮ ಬಂದ್ರು. ಅರವತ್ತೈದು ಎಪ್ಪತ್ತು ಪ್ರಾಯ ಇರ್ಬಹುದು, ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದ್ರಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ. ಮಗ ಬಹರೈನಲ್ಲಿ ಇರುದಂತೆ, ದಿನಾ ರಾತ್ರಿ ಫೋನ್ ಮಾಡ್ತಾನಂತೆ, ಫೋನ್ ಹಿಡ್ಕೊಂಡು ಹಿಡ್ಕೊಂಡು ಕೈ ನೋವು, ಹಾಗೆ ಕಿವಿಗೆ ಇಡುವಂಥ ವಯರ್ ಇಲ್ಲದ್ದು ಒಂದು ಕೊಡು ಮಗಾ, ಜಾಸ್ತಿ ರೇಟಿಂದು ಬೇಡ ಅಂದ್ರು. ಅಂಗಡಿ ಹುಡುಗ ಒಂದು ಡಬ್ಬಿ ತೆಗ್ದ, ಮುಚ್ಚಳ ತೆರೆದ ಕೂಡ್ಲೇ ನೀಲಿ ಹಸಿರು ಲೈಟ್ ಉರಿಯುವಂಥದ್ದು. ಅವರ ಎರಡೂ ಕಿವಿಗೆ ಸಿಕ್ಕಿಸಿ, ಅವನ ಫೋನಿಂದ ಒಂದು ಡಿಜೆ ಹಾಡು ಹಾಕಿದ. ಆ ಅಮ್ಮ ಬೆಚ್ಚಿಬಿದ್ದು ಎರಡನ್ನೂ ಕಿತ್ತು ತೆಗ್ದ್ರು, ಒಂದು ಉರುಳಿ ಕೌಂಟರಿನ ಅಡಿಗೆ ಹೋಯ್ತು.

"ಇದ್ರಲ್ಲಿ ಮಾತಾಡ್ಲಿಕ್ಕೆ ಆಗ್ತದಾ ಮಗಾ?"

"ಬೇಸ್ ಭಾರಿ ಉಂಟು ಅಮ್ಮ, 13 ಎಂಎಂ ಡ್ರೈವರ್."

ಬೇಸ್ ಅಂದ್ರೆ ಗುಂ ಗುಂ ಅನ್ನುವ ದಪ್ಪ ಸದ್ದು, ಡ್ರೈವರ್ ಅಂದ್ರೆ ಒಳಗಿನ ಸಣ್ಣ ಸ್ಪೀಕರ್. ಅವರು ಕೇಳಿದ್ದು ಮಾತಿನ ವಿಷಯ ಮಾರ್ರೆ! ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಪಾಪ, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಎಂತ ಉಂಟೋ ಅದನ್ನೇ ಅವ ಹೇಳಿದ್ದು. ನನ್ನ ಸಿಟ್ಟು ಆ ಡಬ್ಬಿ ಬರೆದವರ ಮೇಲೆ, ಮತ್ತೆ ಈ ಇಯರ್‌ಬಡ್ಸ್ ರಿವ್ಯೂ ಮಾಡುವವರ ಮೇಲೆ. ಹತ್ತು ನಿಮಿಷದ ವಿಡಿಯೋದಲ್ಲಿ ಎಂಟು ನಿಮಿಷ ಬೇಸ್, ಲೈಟು, ಗೇಮಿಂಗ್ ಮೋಡ್. ಕೊನೆಗೆ ಬಾಗಿಲು ಹಾಕಿದ ರೂಮಿನಲ್ಲಿ ಕೂತು "ಮೈಕ್ ಓಕೆ ಉಂಟು" ಅಂತ ಒಂದೇ ಮಾತು. ಮನುಷ್ಯರ ಸ್ವರ ಸರಿಯಾಗಿ ಕೇಳ್ತದಾ, ನಮ್ಮ ಸ್ವರ ಆಚೆ ಕಡೆಯವರಿಗೆ ಮುಟ್ತದಾ, ಇದನ್ನು ಯಾಕೆ ಯಾರೂ ಮೊದಲು ಹೇಳುದಿಲ್ಲ?

ನಾನು ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುದು ನಿಮ್ಗೆಲ್ಲ ಗೊತ್ತುಂಟು. ನನ್ನ ತಾಳಮದ್ದಳೆ ಹುಚ್ಚೂ, ಅಂದ್ರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದ ಹುಚ್ಚೂ ಗೊತ್ತುಂಟು. ಕಾಪು ದಾಟುವಾಗ ಹಚ್ಚಿದ್ರೆ ಕೊಟ್ಟಾರ ಬರುವಾಗ ಒಂದು ಒಳ್ಳೆ ಸಂವಾದ ಮುಗೀತದೆ. ಹೋದ ವರ್ಷ 1,299 ರೂಪಾಯಿ ಕೊಟ್ಟು ಒಂದು ಜೊತೆ ತಗೊಂಡೆ. ಹಾಡು ಕೇಳ್ಲಿಕ್ಕೆ ಚಂದವೇ ಇತ್ತು, ಸುಳ್ಳು ಹೇಳುದಿಲ್ಲ. ಆದ್ರೆ ತಾಳಮದ್ದಳೆ ಹಾಕಿದ್ರೆ ಮದ್ದಳೆಯ ಗುಂ ಗುಂ ಮಾತ್ರ ತಲೆ ತುಂಬ, ಪದ ಹಾಡುವ ಭಾಗವತರ ಸಾಹಿತ್ಯ ಅದರ ಅಡಿಯಲ್ಲಿ ಎಲ್ಲೋ, ಪಾತ್ರದ ಮಾತು ಆಡುವ ಅರ್ಥಧಾರಿ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುದೇ ಮಾತು. ಆ ಮಾತೇ ಹೋದ ಮೇಲೆ ಎಂತ ಕೇಳುದು?

ಇದಕ್ಕೆ ಕಾರಣ ಉಂಟು. ಬೇಸ್ ಅಂದ್ರೆ 250 ಹರ್ಟ್ಸ್‌ಗಿಂತ (ಸೆಕೆಂಡಿಗೆ 250 ಕಂಪನ) ಕೆಳಗಿನ ಸದ್ದು. ಮಾತು ಬಿಡಿಸಿ ಗೊತ್ತಾಗ್ಲಿಕ್ಕೆ ಬೇಕಾದ ಸ, ಶ, ತ, ಟ ಇಂಥ ಅಕ್ಷರಗಳ ಮೊನೆ ಇರುದು 2,000 ಹರ್ಟ್ಸ್ ದಾಟಿದ ಮೇಲೆ. ಕೆಳಗಿನ ಸದ್ದು ಜೋರಾದ್ರೆ ಕಿವಿಯ ಒಳಗೇ ಅದು ಮೇಲಿನ ಸದ್ದನ್ನು ಮುಚ್ಚಿಬಿಡ್ತದೆ, ನಮ್ಮ ಕಿವಿ ಇರುದೇ ಹಾಗೆ. ಆಗ ನಾವು ಎಂತ ಮಾಡ್ತೇವೆ? ಸ್ವರ ಕೇಳುದಿಲ್ಲ ಅಂತ ವಾಲ್ಯೂಮ್ ಏರಿಸ್ತೇವೆ, ಬೇಸೂ ಒಟ್ಟಿಗೆ ಏರ್ತದೆ, ಪುನಃ ಏರಿಸ್ತೇವೆ. 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ತನಕ ಅಡ್ಡಿಯಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಸದ್ದು ಏರಿದ ಹಾಗೆ ಆ ಗಂಟೆ ಗಬಕ್ಕನೆ ಇಳೀತದೆ. ಹಾರನ್ನು, ಕಂಡಕ್ಟರನ ವಿಶಿಲು, ಕಿಟಕಿಯ ಟರ್ಪಾಲು ಪಟಪಟ ಬಡಿಯುವ ಬಸ್ಸಿನಲ್ಲಿ ದಿನಾ ಫುಲ್ ವಾಲ್ಯೂಮ್ ಇಟ್ಕೊಂಡು ಕೂತ ಕಾಲೇಜು ಮಕ್ಕಳನ್ನು ನೋಡುವಾಗ ನಂಗೆ ನಿಜವಾಗ್ಲೂ ಹೆದರಿಕೆ ಆಗ್ತದೆ.

ಇದಿಷ್ಟು ನಾವು ಕೇಳುವ ಬದಿಯ ಕತೆ. ಆಚೆ ಬದಿಯದ್ದು ಇನ್ನೂ ಕಷ್ಟ. ಇದನ್ನು ನಾನು ಯಾರತ್ರವೂ ಹೇಳಿರ್ಲಿಲ್ಲ, ಇವತ್ತು ಹೇಳ್ತೇನೆ.

ನನ್ನ ಅಮ್ಮ ಇರುದು ಬ್ರಹ್ಮಾವರದಲ್ಲಿ ಅಣ್ಣನ ಮನೆಯಲ್ಲಿ. ದಿನಾ ಬಸ್ಸಿಂದ ಫೋನ್ ಮಾಡ್ತೇನೆ. ಆ ಇಯರ್‌ಬಡ್ಸ್ ತಗೊಂಡ ಮೇಲೆ ಅಮ್ಮ ಎರಡೆರಡು ಸಲ "ಎಂತ? ಎಂತ ಹೇಳಿದ್ದು?" ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ನಾನು ಜೋರು ಮಾಡಿ ಹೇಳ್ತಿದ್ದೆ, ಬಸ್ಸಿನವರೆಲ್ಲ ತಿರುಗಿ ನೋಡ್ತಿದ್ರು, ಒಂದು ದಿನ ಸಿಟ್ಟು ಬಂದು "ನಿಂಗೆ ಕಿವಿ ಕೇಳುದಿಲ್ವಾ?" ಅಂತ ಗದರಿಸಿಬಿಟ್ಟೆ. ಮರುದಿನದಿಂದ ಅಮ್ಮ ಎಂತ ಹೇಳಿದ್ರೂ "ಹಾಂ, ಹಾಂ" ಅಂತ ಮಾತ್ರ ಹೇಳ್ತಿದ್ರು. ಎರಡು ತಿಂಗಳು ಹೀಗೇ ಹೋಯ್ತು. ಕೊನೆಗೆ ಕಿವಿಯ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ್ರು, ಬೀಪ್ ಕೇಳಿದ ಕೂಡ್ಲೇ ಬೆರಳು ಎತ್ಬೇಕು. ಅಮ್ಮ ಶಾಲೆಯಲ್ಲಿ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಸೆರಗು ಸರಿ ಮಾಡಿಕೊಂಡು, ಕಣ್ಣು ಮುಚ್ಚಿ, ಒಂದೊಂದಕ್ಕೂ ಬೆರಳು ಎತ್ತಿದ್ರು. ಪ್ರಾಯಕ್ಕೆ ತಕ್ಕ ಹಾಗೆ ಕಿವಿ ಚೆನ್ನಾಗಿಯೇ ಉಂಟು ಅಂದ್ರು ಡಾಕ್ಟ್ರು. ಹೊರಗೆ ಚಪ್ಪಲಿ ಹಾಕ್ತಾ ಅಮ್ಮ ಮೆಲ್ಲ ಹೇಳಿದ್ರು, "ನಿನ್ನ ಸ್ವರವೇ ಬರುದಿಲ್ಲ ಮಗ ಆ ಫೋನಿನಲ್ಲಿ. ಪುನಃ ಪುನಃ ಹೇಳಿದ್ರೆ ಬೇಜಾರು ಮಾಡ್ತಿ ಅಂತ ಸುಮ್ನಿದ್ದೆ."

ಆ ರಾತ್ರಿಯೇ ಇಯರ್‌ಬಡ್ಸನ್ನು ಅಣ್ಣನ ಕಿವಿಗೆ ಹಾಕಿ ರಸ್ತೆಯ ಬದಿ ನಿಲ್ಲಿಸಿ, ಅವನಿಂದ ನಂಗೇ ಫೋನ್ ಮಾಡಿಸಿದೆ. ಬಾವಿಯೊಳಗಿಂದ ಮಾತಾಡಿದ ಹಾಗೆ ಸ್ವರ. ಒಂದು ಲಾರಿ ಹೋದ ಕೂಡ್ಲೇ ಅದೂ ಕಟ್. ಅಮ್ಮ ಎರಡು ತಿಂಗಳು ಇದನ್ನು ಕೇಳಿದ್ದಾ ಅಂತ ನಂಗೆ ಅಳು ಬಂತು.

ಆಮೇಲೆ ಕೂತು ಓದಿ ತಿಳ್ಕೊಂಡೆ. ಹಾಡು ಫೋನಿಂದ ಕಿವಿಗೆ ಒಂದೇ ದಿಕ್ಕಿಗೆ ಬರುದು. ಕಾಲ್ ಶುರುವಾದ್ರೆ ಸ್ವರ ಎರಡೂ ದಿಕ್ಕಿಗೆ ಹೋಗ್ಬೇಕು, ಆಗ ಬ್ಲೂಟೂತ್ ಬೇರೆಯೇ ಮೋಡಿಗೆ ಬದಲಾಗ್ತದೆ. ಹಳೇ ರೀತಿಯದ್ದಾದ್ರೆ ಸೆಕೆಂಡಿಗೆ 8,000 ಸಲ ಮಾತ್ರ ಸ್ವರದ ಅಳತೆ ತಗೊಳ್ಳುದು, ಸ ಯಾವುದು ಫ ಯಾವುದು ಗೊತ್ತೇ ಆಗುದಿಲ್ಲ. ಅದಕ್ಕಿಂತ ಒಳ್ಳೇದು 16,000ದ್ದು ಉಂಟು, ಇಯರ್‌ಬಡ್ಸಲ್ಲಿ ಅದು ಉಂಟಾ ಇಲ್ವಾ ಅಂತ ಡಬ್ಬಿಯ ಮೇಲೆ ಬರ್ದದ್ದನ್ನು ನಾನು ನೋಡೇ ಇಲ್ಲ. ಬ್ಲೂಟೂತ್ 5.3 ಅಂತ ದೊಡ್ಡದಾಗಿ ಬರ್ದಿರ್ತದೆ, ಆ ನಂಬರ್ ನೋಡಿ ಸ್ವರ ಚೆನ್ನಾಗಿರ್ತದೆ ಅಂತ ತಿಳ್ಕೊಳ್ಬೇಡಿ. ಮತ್ತೆ ಇಎನ್‌ಸಿ ಅಂತ ಬರೀತಾರೆ, ಅದು ನಮ್ಮ ಕಿವಿಗೆ ಗಲಾಟೆ ಕೇಳದ ಹಾಗೆ ಮಾಡುದಲ್ಲ, ಅದು ಎಎನ್‌ಸಿ. ಇಎನ್‌ಸಿ ಆಚೆ ಕಡೆಯವರಿಗೋಸ್ಕರ ನಮ್ಮ ಸುತ್ತಿನ ಗಲಾಟೆ ತೆಗೀಲಿಕ್ಕೆ ಇರುದು. ಕಳಪೆ ಆದ್ರೆ ಗಲಾಟೆಯ ಒಟ್ಟಿಗೆ ನಮ್ಮ ಸ್ವರವನ್ನೂ ಕೆರೆದು ತೆಗೀತದೆ. 2016ರಲ್ಲಿ ಏರ್‌ಪಾಡ್ಸ್ ಬಂದಾಗ ಕಿವಿಯಿಂದ ಕೆಳಗೆ ಇಳಿದ ಆ ಕಡ್ಡಿ ನೋಡಿ ಎಷ್ಟೋ ಜನ ನಗಾಡಿದ್ರು, ಆದ್ರೆ ಮೈಕ್ ಬಾಯಿಯ ಕಡೆಗೆ ಚೂರಾದ್ರೂ ಇಳಿಯುದು ಆ ಕಡ್ಡಿಯಿಂದಲೇ.

ಸಾವಿರ ರೂಪಾಯಿಗೆ ಇನ್ನೆಂತ ಸಿಗ್ತದೆ ಅಂತ ಕೇಳುವವರು ಇದ್ದಾರೆ. ಆಫೀಸಲ್ಲೂ ಕೇಳಿದ್ರು. ನಾನು ಒಪ್ಪುದಿಲ್ಲ. ಅದೇ ದುಡ್ಡಲ್ಲಿ ಡಬ್ಬಿಗೆ ಬಣ್ಣದ ಲೈಟ್ ಹಾಕ್ಲಿಕ್ಕೆ ಆಗ್ತದೆ, ಗೇಮಿಂಗ್ ಮೋಡ್ ಕೊಡ್ಲಿಕ್ಕೆ ಆಗ್ತದೆ, ಮೈಕ್ ಒಂದನ್ನು ಸರಿ ಮಾಡ್ಲಿಕ್ಕೆ ಆಗುದಿಲ್ವಾ? ಇನ್ನೂರು ಮುನ್ನೂರರ ವಯರಿನ ಇಯರ್‌ಫೋನಿನಲ್ಲಿ ಮೈಕ್ ಗಲ್ಲದ ಹತ್ರ ನೇತಾಡ್ತದೆ, ಸ್ವರ ಗಂಟೆ ಹೊಡೆದ ಹಾಗೆ ಹೋಗ್ತದೆ. ಮತ್ತೆ ಸಾವಿರ ರೂಪಾಯಿ ಎಲ್ಲರಿಗೂ ಸಣ್ಣದಲ್ಲ, ಅಂಗಡಿಯ ಆ ಅಮ್ಮ ಪರ್ಸಿಂದ ನೂರರ ನೋಟು ಎರಡೆರಡು ಸಲ ಎಣಿಸುದನ್ನು ನಾನು ನೋಡಿದ್ದೇನೆ.

ಬ್ಯಾಟ್ರಿಯ ಬಗ್ಗೆ ಜಾಸ್ತಿ ಇಲ್ಲ. 60 ಗಂಟೆ ಅಂತ ಬರೆದಿದ್ರೆ ಅದು ಚಾರ್ಜ್ ಮಾಡುವ ಡಬ್ಬಿಯದ್ದೂ ಸೇರಿ, ಒಂದು ಸಲ ಕಿವಿಗೆ ಹಾಕಿದ್ರೆ ಐದಾರು ಗಂಟೆ ಬಂದ್ರೆ ನಂಗೆ ಸಾಕು. ಐಪಿಎಕ್ಸ್4 ಅಂದ್ರೆ ನೀರು ಸಿಡಿದ್ರೆ ತಡೀತದೆ, ಅದೂ ಸಾಧಾರಣವಾಗಿ ಇಯರ್‌ಬಡ್ಸಿಗೆ ಮಾತ್ರ, ಡಬ್ಬಿಗೆ ಅಲ್ಲ, ಹಾಗಾಗಿ ಮಳೆಗೆ ಡಬ್ಬಿ ಪ್ಲಾಸ್ಟಿಕ್ ಕವರಲ್ಲಿ ಇರ್ಲಿ. ನಮ್ಮ ಕರಾವಳಿಯ ಬೆವರಿಗೆ ಚಾರ್ಜ್ ಆಗುವ ಆ ಸಣ್ಣ ಚಿನ್ನದ ಬಣ್ಣದ ಚುಕ್ಕೆಗಳು ಕಪ್ಪಾಗ್ತವೆ. ಒಂದು ಬದಿ ಚಾರ್ಜ್ ಆಗದಿದ್ರೆ ಬಿಸಾಡ್ಬೇಡಿ, ಮೊದಲು ಹತ್ತಿಯಲ್ಲಿ ಒರೆಸಿ ನೋಡಿ.

ಅಂಗಡಿಗೆ ವಾಪಸ್ ಬರ್ತೇನೆ. ನಂಗೆ ಸುಮ್ನೆ ಇರ್ಲಿಕ್ಕೆ ಆಗ್ಲಿಲ್ಲ. ಅಮ್ಮ, ಹಾಡು ಬೇಡ, ಮಗನಿಗೇ ಫೋನ್ ಹಚ್ಚಿ ಅಂದೆ. ಹುಡುಗ ಚೂರು ಮುಖ ಸಣ್ಣ ಮಾಡಿದ, ಆದ್ರೂ ಅವರ ಫೋನಿಗೆ ಜೋಡಿಸಿ ಕೊಟ್ಟ. ಅಂಗಡಿಯ ಮೆಟ್ಲಲ್ಲಿ ಸಿಗ್ನಲಿನ ಕಡೆಗೆ ಮುಖ ಮಾಡಿ ನಿಲ್ಲಿಸಿದೆ, ಬಸ್ಸು ರಿಕ್ಷಾ ಎಲ್ಲ ಇದ್ದೇ ಇತ್ತು. ಲೈಟ್ ಉರಿಯುವ ಆ ಮೊದಲ ಜೋಡಿಯಲ್ಲಿ ಮಗನಿಗೆ ಒಂದೂ ಅರ್ಥ ಆಗ್ಲಿಲ್ಲ, ಫೋನ್ ಇಟ್ಟುಬಿಟ್ಟ. ಎರಡನೇದ್ರಲ್ಲಿ ಅಮ್ಮ ಅಮ್ಮ ಅಂತ ಅವನೇ ಕೂಗ್ತಿದ್ದನಂತೆ. ಮೂರನೇದು ಕಡ್ಡಿ ಇದ್ದದ್ದು, ಬಿಳಿ, ಲೈಟಿಲ್ಲ, 1,499. ಅದು ಹಾಕಿಕೊಂಡು ಅವರು ತುಳುವಿನಲ್ಲಿ ಎರಡು ಮಾತು ಆಡಿದ್ರೋ ಇಲ್ವೋ, ಸುಮ್ನಾಗಿ ಕೇಳಿದ್ರು, ಆಮೇಲೆ ನಮ್ಮ ಕಡೆ ತಿರುಗಿದ್ರು.

"ಅಮ್ಮ, ನಿಂಗೆ ಶೀತ ಆಗಿದಾ ಅಂತ ಕೇಳ್ತಾನೆ!"

ಶೀತ ಆಗಿತ್ತು, ಮೂರು ದಿನದಿಂದ.